ಏಳು ಬೀಗದ ಆಂಜಿನಪ್ಪ

ದಾಬಸ್‌ಪೇಟೆ ಬಸ್ಸು ಬಂದು ಹಾರ್ನ್ ಹೊಡೆದರೂ ಸರಿಯೇ, ಆಂಜಿನಪ್ಪ ತನ್ನ ಸೈಟಿನ ಮೂಲೆಯಲ್ಲಿರುವ ತುಕ್ಕು ಹಿಡಿದ ಕಂಟೈನರಿನ ಏಳೂ ಬೀಗಗಳನ್ನು ಮೂರು ಮೂರು ಸಲ ಜಗ್ಗಿ ನೋಡದೆ ಹೊರಡುವವನಲ್ಲ. ಕಳ್ಳರು ಎರಡು ಸಲ ಅದಕ್ಕೆ ಕನ್ನ ಹಾಕಲು ನೋಡಿದ ಮೇಲೆ ಬೀಗಕ್ಕೆ ಬೀಗ ಸೇರಿತು, ಸುತ್ತ ಮುಳ್ಳುತಂತಿ ಬಂತು, ದೃಷ್ಟಿಗೆ ಒಂದು ಬೂದುಗುಂಬಳಕಾಯಿಯೂ ತೂಗಿತು. ಬೀಗದಕೈಗಳೆಲ್ಲ ಅವನ ಉಡಿದಾರದಲ್ಲಿ. ನಡೆದರೆ ಗೆಜ್ಜೆ ಕಟ್ಟಿದ ಎತ್ತು ಬಂದಂಗೆ ಸದ್ದು. "ಒಳಗೇನಣ್ಣ, ಚಿನ್ನ ಇಟ್ಟಿದ್ದೀಯಾ?" ಅಂತಾನೆ ಕಂಡಕ್ಟರು. "ಚಿನ್ನ ಆಗಿದ್ರೆ ಬ್ಯಾಂಕಲ್ಲಿ ಇಡ್ತಿದ್ದೆ ಕಣಪ್ಪಾ. ಕಾದೂ ಕಾದೂ ಸಾಕಾಗ್ಹೋಗೈತೆ," ಅನ್ನುತ್ತಾ ಸೀಟಿಗೆ ಕುಸಿಯುತ್ತಾನೆ. ಹಗಲೆಲ್ಲ ಯಾರದೋ ಗೋಡೌನಿನ ಗೇಟು ಕಾಯುವ ಕೆಲಸ ಬೇರೆ. ಸಂಜೆ ಬಂದರೆ ಮತ್ತೆ ಇದು. ಶುಕ್ರವಾರ ಬೆಳಿಗ್ಗೆ ಮಾತ್ರ ಏಳೂ ಬೀಗ ತೆಗೆಯಲೇಬೇಕು. ಹೆಂಡತಿ ರುಕ್ಮಿಣಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು, "ಬಿರ್ರನೆ ತೆಗೀರಿ, ಹೊತ್ತಾಯ್ತು," ಅಂತ ನಿಂತಿರುತ್ತಾಳೆ. ಒಳಗಿರುವುದು, ಫ್ಯಾಕ್ಟರಿಗೆ ಜಾಗ ಹೋದಾಗ ಕೆಡವಿದ ಅವರ ಹಳೇ ಮನೆಯ ತಲೆಬಾಗಿಲು, ಹೊಸ್ತಿಲ ಸಮೇತ. ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ಇಂಥ ಹಳೇ ಬಾಗಿಲೇ ಬೇಕಂತೆ, ಅದಕ್ಕೇ ಕಳ್ಳರ ಕಣ್ಣು. ಅವಳು ಹೊಸ್ತಿಲು ತೊಳೆದು ಕುಂಕುಮ ಇಡುವಷ್ಟು ಹೊತ್ತು ಅವನು ಸುಮ್ಮನೆ ಬಾಗಿಲ ಮೇಲೆ ಕೈಯಾಡಿಸುತ್ತಾನೆ. ಮೂರು ತಲೆಮಾರು ಕಂಡ ಆ ಹಲಸಿನ ಬಾಗಿಲಿಗೆ ಬೀಗ ಹಾಕುವ ಕೊಂಡಿಯೇ ಇಲ್ಲ. ಮನೆಯವರೆಲ್ಲ ಹೊಲಕ್ಕೆ ಹೋಗುವಾಗ ನಾಯಿ ನುಗ್ಗದಿರಲೆಂದು ಕಟ್ಟುತ್ತಿದ್ದ ಹಗ್ಗದ ಸವೆತವೊಂದೇ ಅದರಲ್ಲಿರುವುದು.