ತಣ್ಣಗಿದ್ದ ಪಾಟು

ವಾರ್ಡಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಉಚ್ಚೆ ಸಿಸ್ಟರ್ ಎಂದು. ಬೆನ್ನ ಹಿಂದೆ ಅಲ್ಲ, ಮುಖದೆದುರೇ. ರೋಗಿ ಕುಡಿದದ್ದೆಷ್ಟು, ಡ್ರಿಪ್ಪಿನಲ್ಲಿ ಹೋದದ್ದೆಷ್ಟು, ವಾಂತಿ ಎಷ್ಟು, ಉಚ್ಚೆ ಎಷ್ಟು ಎಂದು ಹತ್ತೊಂಬತ್ತು ವರ್ಷ ಅಳೆದು ಬರೆದವಳು. "ಒಳಗೆ ಹೋದದ್ದು ಹೊರಗೆ ಬರ್ಲಿಲ್ಲ ಅಂದ್ರೆ ನಂಗೆ ಅನ್ನ ಸೇರಲ್ಲ ಕಣ್ರೇ" ಎಂದು ಹೊಸ ನರ್ಸುಗಳನ್ನು ನಗಿಸುತ್ತಿದ್ದಳು. ನಲವತ್ತು ಹಾಸಿಗೆಗೆ ಇಬ್ಬರು ನರ್ಸುಗಳು ಸಾಲದು ಎಂದು ಮೂರು ಸಲ ಆಸ್ಪತ್ರೆ ಗೇಟಿಗೆ ಅಡ್ಡ ಕೂತಿದ್ದಳು. ಮೇಲಿನವರು ಮೂರು ಸಲವೂ ಆಗಲಿ ಎಂದು ತಲೆಯಾಡಿಸಿ ಎಬ್ಬಿಸಿ ಕಳಿಸಿದ್ದರು, ನರ್ಸುಗಳು ಮಾತ್ರ ಬರಲಿಲ್ಲ. ಹಾಗಾಗಿ ಅಳೆಯುವ ಕೆಲಸ ಮೆಲ್ಲಗೆ ರೋಗಿಯ ಮನೆಯವರ ಪಾಲಿಗೆ ಬಿದ್ದಿತ್ತು.

ಆ ದಿನ ಹದಿನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಬಡಗಿ ಇದ್ದ. ಮೂರು ದಿನದ ವಾಂತಿಭೇದಿಗೆ ಮೈಯ ನೀರೆಲ್ಲ ಬತ್ತಿ, ಕಣ್ಣು ಗುಳಿಬಿದ್ದು, ಕೈಯೆತ್ತಲೂ ತ್ರಾಣವಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಉಪ್ಪು ಇಳಿದಿತ್ತು. ಉಚ್ಚೆ ಹೋದ ಮೇಲಷ್ಟೇ ಬಾಟಲಿಗೆ ಪೊಟ್ಯಾಸಿಯಂ ಬೆರೆಸಿ ಎಂದು ಡಾಕ್ಟರು ಬರೆದಿದ್ದರು. ಕಿಡ್ನಿ ಮುಷ್ಕರ ಹೂಡಿದ್ದರೆ ಆ ಉಪ್ಪಿಗೆ ಹೊರಹೋಗುವ ದಾರಿಯಿಲ್ಲ. ರಕ್ತದಲ್ಲೇ ಏರಿ ಗುಂಡಿಗೆಯನ್ನು ನಿಲ್ಲಿಸಿಬಿಡುತ್ತದೆ, ಅದೂ ಸದ್ದಿಲ್ಲದೆ.

ಬೆಳಗಿನಿಂದ ಉಚ್ಚೆ ಹೋಯಿತಾ ಎಂದು ಬಡಗಿಯ ಹೆಂಡತಿಯನ್ನು ನಾಲ್ಕು ಸಲ ಕೇಳಿಯಾಗಿತ್ತು. ನಾಲ್ಕನೇ ಸಲ ಗದರಿಯೂ ಆಗಿತ್ತು. ಐದನೇ ಸಲ ಆಕೆ ಮಂಚದ ಕೆಳಗಿನ ಉಚ್ಚೆ ಪಾಟು ತೋರಿಸಿದಳು.

"ಈಗ ಹೋದ್ರು ಸಿಸ್ಟರ್. ಇನ್ನೂರು."

ಪಕ್ಕದ ಹಾಸಿಗೆಯವನು ನರಳುತ್ತಿದ್ದ. ಸಿಸ್ಟರ್ ನಿಂತಲ್ಲಿಂದಲೇ ಪಾಟಿನ ಕಡೆ ಕಣ್ಣು ಹಾಯಿಸಿ, ಚಾರ್ಟಿನಲ್ಲಿ ಇನ್ನೂರು ಮಿಲಿ ಎಂದು ಗೀಚಿ, ಪೊಟ್ಯಾಸಿಯಂ ಬೆರೆಸಿ ಹನಿ ಬಿಟ್ಟಳು.

ಐದು ನಿಮಿಷ ಬಿಟ್ಟು ಚೆಲ್ಲಲೆಂದು ಪಾಟು ಎತ್ತಿಕೊಂಡಳು. ತಣ್ಣಗಿತ್ತು. ಮೂಗಿಗೆ ಹಿಡಿದಳು. ವಾಸನೆಯೇ ಇಲ್ಲ.

ಓಡಿ ಡ್ರಿಪ್ ಮುಚ್ಚಿ, ಬಾಟಲಿ ಕಿತ್ತಳು.

"ನಿಜ ಹೇಳು ತಾಯಿ, ಏನಿದು?"

"ನಲ್ಲಿ ನೀರು... ಹೋಗ್ಲಿಲ್ಲ ಅಂದ್ರೆ ಔಷಧಿ ಹಾಕಲ್ಲ ಅಂದ್ರಲ್ಲ ನೀವು. ಬೈದ್ರಲ್ಲ."

ಡಾಕ್ಟರು ಓಡಿ ಬಂದರು. ಬಡಗಿಯ ಎದೆಗೆ ವೈರು ಅಂಟಿಸಿದರು. ಗುಂಡಿಗೆಯ ಬಡಿತ ತೋರುವ ಮೆಷಿನ್ನಿನ ಗೆರೆ ಏಳುತ್ತ ಇಳಿಯುತ್ತ ಸಾಗಿತು.

"ಅಳತೆ ನೀವೇ ನೋಡಿದ್ರಾ?"

"ಇಲ್ಲ ಸಾರ್. ಬಾಯಿಮಾತು ಬರೆದೆ."

ಬರೀ ಸಲೈನ್ ಓಡಿಸಿ ಕಾದರು. ಗೆರೆ ಕೆಡಲಿಲ್ಲ. ಎರಡೂವರೆ ತಾಸಿಗೆ ಬಡಗಿ ಮುಲುಗಿದ. ಪಾಟಿನಲ್ಲಿ ಅರವತ್ತು ಮಿಲಿ, ಕಡು ಚಹಾದ ಬಣ್ಣ, ಮೂಗಿಗೆ ಹೊಡೆಯುವ ವಾಸನೆ. ಅವಳು ಅಂಗೈಯಿಂದ ಪಾಟಿನ ತಳ ಮುಟ್ಟಿದಳು. ಬೆಚ್ಚಗಿತ್ತು.

"ನನ್ನ ಕೈಯಾರೆ ಕೊಲ್ತಿದ್ನಲ್ಲ ಅಕ್ಕಾ" ಎಂದು ಹೆಂಡತಿ ಬಿಕ್ಕಿದಳು.

"ನಿನ್ನ ಕೈಯಲ್ಲ, ನನ್ನ ಬಾಯಿ. ಹೋಗಿ ಮುಖ ತೊಳ್ಕೋ."

ಚಾರ್ಟಿನ ಇನ್ನೂರನ್ನು ಹೊಡೆದುಹಾಕಿ, ತಪ್ಪಿಗೆ ತನ್ನ ಸಹಿ ಹಾಕಿದಳು. ಆಮೇಲೆ ತಲೆಯೆತ್ತಿದಳು. ಸಾಲುಮಂಚಗಳ ಕೆಳಗೆ ಇನ್ನೂ ಹನ್ನೊಂದು ಪಾಟುಗಳಿದ್ದವು. ಬೆಳಗಿನಿಂದ ಆ ಹನ್ನೊಂದರ ಅಳತೆಯನ್ನೂ ಅವಳು ಬಾಯಿಮಾತಿನ ಮೇಲೆಯೇ ಬರೆದಿದ್ದಳು.

ಮೊದಲನೇ ಮಂಚದ ಕೆಳಗೆ ಬಗ್ಗಿದಳು.