ಚೆಕಿಂಗ್ ಅಕ್ಕ ಮತ್ತು ಮುಖ ತಿರುಗಿಸಿದ ನರ್ಸ್

ಅವಳು ಬಸ್ಸು ಹತ್ತಿದಳೆಂದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರಿಗೂ ಎಚ್ಚರವಾಗುತ್ತಿತ್ತು. ಟಿಕೆಟ್ ತಪಾಸಣೆ ಅವಳ ಕೆಲಸ. ಕಂಡಕ್ಟರುಗಳಿಗೆ ಎದುರಲ್ಲಿ ಮೇಡಂ, ಬೆನ್ನ ಹಿಂದೆ ಚೆಕಿಂಗ್ ಅಕ್ಕ. ಎಲ್ಲರ ಟಿಕೆಟ್ಟನ್ನೂ ಕೇಳುತ್ತ ಹೋಗುವ ಜಾಯಮಾನ ಅವಳದಲ್ಲ. ಬಾಗಿಲಲ್ಲೇ ನಿಂತು ಒಮ್ಮೆ ಕಣ್ಣಾಡಿಸುವಳು. ಯಾರು ತಟ್ಟನೆ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದರೋ, ನೇರ ಅವರ ಮುಂದೆ ಹೋಗಿ ಕೈಚಾಚುವಳು. ಬೆಳೆದ ಮಗನನ್ನು ಮಡಿಲಲ್ಲಿ ಮುದುಡಿಸಿಕೊಂಡು, "ಇನ್ನೂ ಚಿಕ್ಕೋನು, ಟಿಕೆಟ್ ಬೇಡ" ಎನ್ನುವ ತಾಯಂದಿರ ಜೊತೆ ವಾದಕ್ಕಿಳಿಯುತ್ತಿರಲಿಲ್ಲ. ಹುಡುಗನನ್ನೇ "ಯಾವ ಕ್ಲಾಸೋ ರಾಜಾ?" ಎಂದು ಕೇಳುವಳು. ಅವನು ಎದೆಯುಬ್ಬಿಸಿ "ಮೂರನೇ ಕ್ಲಾಸು!" ಅನ್ನುವನು. ಅಲ್ಲಿಗೆ ಅಮ್ಮನ ಬಣ್ಣ ಬಯಲು.

ಹೀಗೆ ಸುಳ್ಳು ಹಿಡಿದು ಹಿಡಿದು ಅವಳಿಗೆ ನಿಜದ ಮೇಲೇ ಗುಮಾನಿ ಬಂದುಬಿಟ್ಟಿತ್ತು. ಹಾಲಿನವನ ಮೇಲೆ ಗುಮಾನಿ, ಪಕ್ಕದ ಮನೆಯವಳ ನಗುವಿನ ಮೇಲೆ ಗುಮಾನಿ. ಗಂಡ ಬಡಪಾಯಿ ದರ್ಜಿ. ಅವನು ತಡವಾಗಿ ಬಂದರೆ ಅಂಗಿಗೆ ಅಂಟಿದ ನೂಲಿನ ಬಣ್ಣ ನೋಡಿ ವಿಚಾರಣೆ ನಡೆಸುವಳು. ಅವನು ನಗುತ್ತಲೇ ಪಾಟೀಸವಾಲಿಗೆ ಉತ್ತರ ಕೊಡುತ್ತಿದ್ದ. ಸಣ್ಣ ಮಗಳು, ಮಾತಿನ ಮಲ್ಲಿ, ಚಿನಕುರುಳಿ ಎಂದೇ ಕರೆಸಿಕೊಳ್ಳುವವಳು, ಇಬ್ಬರನ್ನೂ ಅಣಕಿಸುತ್ತಿದ್ದಳು.

ಆ ಚಿನಕುರುಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಯಲ್ಲಿ ನಗು ನಿಂತುಹೋಯಿತು.

ಆಸ್ಪತ್ರೆಯಲ್ಲಿ ಮಗು ಪ್ರತಿ ಸೂಜಿಗೂ ಮುಂಚೆ "ಅಮ್ಮಾ, ನೋವಾಗುತ್ತಾ?" ಎಂದು ಕೇಳುತ್ತಿತ್ತು. "ಇಲ್ಲ ಕಂದಾ, ಒಂಚೂರೂ ಆಗಲ್ಲ" ಎನ್ನುತ್ತಿದ್ದಳು ಇವಳು. ಮಗು ಕಣ್ಣು ಕಿರಿದು ಮಾಡಿ ಅಮ್ಮನ ಮುಖ ಪರೀಕ್ಷಿಸಿ, ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿತ್ತು. ಆಮೇಲೆ ಇಬ್ಬರು ಹಿಡಿದುಕೊಳ್ಳಬೇಕಾಗುತ್ತಿತ್ತು.

ಮೊದಲ ಸುತ್ತಿನ ಚಿಕಿತ್ಸೆ ಮುಗಿದಾಗ ಡಾಕ್ಟರು ಗಂಡಹೆಂಡಿರನ್ನು ಕೋಣೆಗೆ ಕರೆಸಿದರು.

"ಸುದ್ದಿ ಚೆನ್ನಾಗಿದೆ. ಬಿಳಿ ರಕ್ತಕಣದಲ್ಲಿ ಲಿಂಫೋಸೈಟ್ ಅಂತ ಒಂದು ಬಗೆ ಇದೆ, ಮೈ ಕಾಯೋ ಕಣ. ಔಷಧಿ ಹೊಡೆತಕ್ಕೆ ಅದೂ ಬಿದ್ದುಹೋಗುತ್ತೆ. ಅದು ಬೇಗ ಚೇತರಿಸಿಕೊಂಡ ಮಕ್ಕಳಲ್ಲಿ ಕಾಯಿಲೆ ಮರಳಿ ಬರೋದು ಕಡಿಮೆ. ನಿಮ್ಮ ಮಗೂದು ಚೆನ್ನಾಗಿ ಏರ್ತಾ ಇದೆ."

"ಬಿಳಿ ಕಣ ಜಾಸ್ತಿಯಾಗಿದೆ ಅಂತ್ಲೇ ಅಲ್ವಾ ಆವತ್ತು ಸೇರಿಸ್ಕೊಂಡಿದ್ದು?" ಎಂದಳು ಅವಳು. "ಈಗ ಜಾಸ್ತಿಯಾದ್ರೆ ಒಳ್ಳೇದಾ?"

"ಆವತ್ತು ತುಂಬ್ಕೊಂಡಿದ್ದು ಬಲಿಯದ ಕೆಟ್ಟ ಕಣ ಅಮ್ಮ. ಈಗ ಬರ್ತಿರೋದು ಸರಿಯಾದದ್ದು."

"ಎರಡೂ ಬಿಳೀನೇ ತಾನೇ?"

ಗಂಡ ಮೇಜಿನಡಿ ಅವಳ ಕಾಲು ತುಳಿದ. ಮಾತು ಬದಲಿಸುವ ಪ್ರಯಾಣಿಕರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಆದರೂ ಡಾಕ್ಟರ ಮುಖ ಶಾಂತವಾಗಿತ್ತು, ಇರಲಿ ಎಂದು ಬಿಡುತ್ತಿದ್ದಳೇನೋ. ಅಷ್ಟರಲ್ಲಿ ವರದಿ ತಂದಿಟ್ಟ ನರ್ಸಿನ ಮೇಲೆ ಕಣ್ಣು ಬಿತ್ತು. ನರ್ಸ್ ತಟ್ಟನೆ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು.

ಆ ನೋಟ ಅವಳಿಗೆ ಗೊತ್ತಿಲ್ಲದ್ದೇ!

ಅಂದಿನಿಂದ ನರ್ಸಿನ ಬೆನ್ನು ಬಿದ್ದಳು. ಇವಳು ವಾರ್ಡಿಗೆ ಕಾಲಿಟ್ಟರೆ ಆಕೆ ಟ್ರೇಯ ಕಡೆ ತಿರುಗುವಳು. ಇವಳು ಹತ್ತಿರ ಹೋದರೆ ಯಾರೋ ಕರೆದ ಹಾಗೆ ಹೊರಗೆ ನಡೆಯುವಳು. ಕೊನೆಗೆ ಔಷಧಿ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತು ಕೇಳಿಯೇಬಿಟ್ಟಳು. "ಸಿಸ್ಟರ್, ನನ್ನ ಮುಖ ನೋಡಿ ಹೇಳಿ. ಆ ರಕ್ತಕಣದ ಲೆಕ್ಕ ನಿಜಾನಾ?"

ನರ್ಸ್ ಬಿಳಿಚಿಕೊಂಡಳು. "ಡಾಕ್ಟರನ್ನೇ ಕೇಳಿ ಮೇಡಂ" ಎಂದು ತಡವರಿಸಿ ಬದಿಯಿಂದ ನುಸುಳಿಹೋದಳು.

ಇನ್ನೇನು ಸಾಕ್ಷಿ ಬೇಕು? ಮಗು ಉಳಿಯುವುದಿಲ್ಲ, ಇವರೆಲ್ಲ ಸೇರಿ ಮುಚ್ಚಿಡುತ್ತಿದ್ದಾರೆ. ಹಾಗಿದ್ದ ಮೇಲೆ ಇರುವಷ್ಟು ದಿನವಾದರೂ ಸೂಜಿಯಿಲ್ಲದೆ ಮನೆಯಲ್ಲಿರಲಿ. ಎರಡನೇ ಸುತ್ತು ಶುರುವಾಗಬೇಕಿದ್ದ ಬೆಳಿಗ್ಗೆ ಅವಳು ಚೀಲ ತುಂಬಿದಳು.

"ಮಧ್ಯದಲ್ಲಿ ಬಿಟ್ರೆ ಕಾಯಿಲೆ ತಿರುಗಿ ಬೀಳುತ್ತೆ ಅಂತ ಡಾಕ್ಟರು ಬಡ್ಕೊಂಡ್ರಲ್ಲೇ!" ಗಂಡ ಚೀಲದ ಇನ್ನೊಂದು ಹಿಡಿ ಬಿಡಲಿಲ್ಲ. "ಯಾರೋ ಮುಖ ತಿರುಗಿಸಿದ್ರು ಅಂತ ಮಗೂನ ಸಾಯಿಸ್ತೀಯಾ?"

"ನಾನು ಹಿಡಿದಿದ್ದು ಯಾವತ್ತಾದ್ರೂ ತಪ್ಪಾಗಿದೆಯೇನ್ರೀ?"

ಚೀಲವನ್ನು ಅವನ ಕೈಯಲ್ಲೇ ಬಿಟ್ಟು, ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿದಳು. ಗೇಟಿನ ಹತ್ತಿರ ಹಿಂದಿನಿಂದ ಯಾರೋ ಓಡಿಬಂದು ತೋಳು ಹಿಡಿದರು. ಅದೇ ನರ್ಸ್. ಏದುಸಿರು ಬಿಡುತ್ತಿದ್ದಳು.

"ಮೇಡಂ, ನಿಮ್ಮ ಯಜಮಾನರು ಎಲ್ಲಾ ಹೇಳಿದ್ರು. ನಾನು ಮುಖ ತಪ್ಪಿಸ್ತಿದ್ದಿದ್ದು ಮಗೂ ವಿಷಯಕ್ಕಲ್ಲ. ಒಂದ್ಸಲ ರಾತ್ರಿಪಾಳಿ ಮುಗಿಸಿ ಬಸ್ಸಲ್ಲಿ ಹೋಗ್ತಿದ್ದೆ. ಪರ್ಸು ಇಲ್ಲೇ ಮರೆತಿದ್ದೆ, ಟಿಕೆಟ್ ಇರ್ಲಿಲ್ಲ. ಕಳ್ಳಿ ಅಂತ ಎಲ್ಲರೆದುರು ನಡುದಾರಿಯಲ್ಲಿ ಇಳಿಸಿಬಿಟ್ರಿ. ನೀವು ನನ್ನ ಗುರುತು ಹಿಡಿದು ಡಾಕ್ಟರಿಗೆ ಹೇಳ್ತೀರೇನೋ ಅಂತ ಹೆದರ್ಕೊಂಡಿದ್ದೆ."

ಅವಳು ಆ ಮುಖವನ್ನು ದಿಟ್ಟಿಸಿದಳು. ಒಂದಿಷ್ಟೂ ನೆನಪಾಗಲಿಲ್ಲ. ಎಷ್ಟು ಜನರನ್ನು ಇಳಿಸಿದ್ದಳೋ, ಅವರಲ್ಲಿ ಇವಳೂ ಒಬ್ಬಳು. ಅವಳಿಗೆ ನಾಚಿಕೆಯಾಯಿತು.

"ಹಾಗಾದ್ರೆ ಲೆಕ್ಕ?" ಎಂದಳು ಕಷ್ಟಪಟ್ಟು.

ನರ್ಸ್ ಈ ಸಲ ನೇರ ಕಣ್ಣಲ್ಲಿ ಕಣ್ಣಿಟ್ಟಳು. "ಏರಿರೋದು ನಿಜ. ಒಳ್ಳೇ ಲಕ್ಷಣ. ಆದ್ರೆ ಅದೊಂದರಿಂದಲೇ ವಾಸಿಯಾಗುತ್ತೆ ಅಂತ ಮಾತು ಕೊಡಕ್ಕಾಗಲ್ಲ. ಬೇರೆ ಪರೀಕ್ಷೆಗಳೂ ಇವೆ, ಔಷಧಿ ಇನ್ನೂ ಬಹಳ ದಿನ ಬೇಕು."

ಸುಳ್ಳು ಹೇಳುವವರು ಯಾವತ್ತೂ ಭರವಸೆಯನ್ನು ಧಾರಾಳವಾಗಿ ಹಂಚುತ್ತಾರೆ, ಇಷ್ಟು ಜುಗ್ಗತನ ಮಾಡುವುದಿಲ್ಲ. ಚೆಕಿಂಗ್ ಅಕ್ಕ ನಂಬಿದಳು.

"ತಪ್ಪಾಯ್ತು ಸಿಸ್ಟರ್," ಎಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ಕೇಳಿದ ಕಂಡಕ್ಟರ್ ಯಾರೂ ಇರಲಿಕ್ಕಿಲ್ಲ.

ವಾರ್ಡಿನಲ್ಲಿ ನರ್ಸ್ ಮಗುವಿನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಚಿನಕುರುಳಿ ಅಮ್ಮನ ಕಡೆ ತಿರುಗಿ ಕಣ್ಣು ಕಿರಿದು ಮಾಡಿತು. ಆ ನೋಟ ಯಾರಿಂದ ಬಂದದ್ದೆಂದು ಅವಳಿಗೆ ಇವತ್ತು ಹೊಳೆಯಿತು. ಮಗು ಅಷ್ಟು ದಿನವೂ ಹಿಡಿಯುತ್ತಿದ್ದದ್ದು ಅವಳ ಸುಳ್ಳನ್ನೇ.

"ಅಮ್ಮಾ, ನೋವಾಗುತ್ತಾ?"

ಅವಳಿಗೆ ಕಿಟಕಿಯಾಚೆ ನೋಡಬೇಕೆನಿಸಿತು. ನೋಡಲಿಲ್ಲ.

"ಆಗುತ್ತೆ ಕಂದಾ," ಎಂದಳು. "ನಾನಿಲ್ಲೇ ಇರ್ತೀನಿ."

ಮಗು ಒಂದು ಗಳಿಗೆ ಅವಳ ಮುಖ ನೋಡಿ, ತಾನಾಗಿಯೇ ಕೈ ಚಾಚಿತು.