ಒಣ ಚಪಾತಿ

"ಸದ್ಯಕ್ಕೆ ನಿಮ್ಮ ಲಿವರ್ ಉಪಯೋಗಕ್ಕೆ ಬರುವುದಿಲ್ಲ," ಎಂದುಬಿಟ್ಟರು ಪರೇಲಿನ ಆಸ್ಪತ್ರೆಯ ಡಾಕ್ಟರು. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಅವಳ ಕಣ್ಣು ಅರಿಸಿನ ಹಚ್ಚಿದ ಹಾಗೆ ಹಳದಿಯಾಗಿತ್ತು. ಅವಳ ಲಿವರ್ ಕೆಟ್ಟುಹೋಗಿತ್ತು, ಯಾರಾದರೂ ತಮ್ಮದರಲ್ಲಿ ಒಂದು ತುಂಡು ಕೊಡದೆ ಉಳಿಗಾಲವಿಲ್ಲ ಎಂದಿದ್ದರು. ಮನೆಯಲ್ಲಿ ಅವಳ ರಕ್ತದ ಗುಂಪಿಗೆ ಹೊಂದಿದ್ದು ನನ್ನದೊಂದೇ. ಈಗ ಸ್ಕ್ಯಾನ್ ಮಾಡಿ ನೋಡಿದರೆ ನನ್ನ ಲಿವರಿನ ತುಂಬ ಕೊಬ್ಬು!

"ನಾನು ಕುಡಿಯುವವನಲ್ಲ ಡಾಕ್ಟರೇ, ಒಂದು ಬೀಡಿ ಸಹ ಸೇದಿದವನಲ್ಲ!" ಎಂದು ಜಗಳಕ್ಕೇ ನಿಂತೆ. ಅವರು ಸುಮ್ಮನೆ ನನ್ನ ಹೊಟ್ಟೆಯ ಕಡೆ ನೋಡಿದರು. ತೊಂಬತ್ತನಾಲ್ಕು ಕಿಲೋ ಇದ್ದೆ. ಹನ್ನೆರಡು ಕಿಲೋ ಇಳಿಸಬೇಕು, ಉಪವಾಸ ಬಿದ್ದು ಅಲ್ಲ, ಹಿತವಾಗಿ ತಿಂದು, ದಿನಾ ನಡೆದು. ಆಮೇಲೆ ಮತ್ತೆ ಸ್ಕ್ಯಾನ್. ಎಷ್ಟು ಸಮಯ ಇದೆ ಎಂದು ಕೇಳಿದೆ. ನಾಲ್ಕು ತಿಂಗಳು ಅವಳನ್ನು ಔಷಧದಲ್ಲಿ ನಡೆಸಬಹುದು, ಅದರಾಚೆಗೆ ಹೇಳಲಾರೆ ಎಂದರು.

ಭಾಂಡುಪ್ ಸ್ಟೇಷನ್ನಿನ ಹತ್ತಿರ ನನ್ನದೊಂದು ಸಣ್ಣ ಹೊಟೇಲು. ಇಡ್ಲಿ, ದೋಸೆ, ಮಧ್ಯಾಹ್ನದ ಊಟ. ಮರುದಿನದಿಂದಲೇ ಅನ್ನ ಬಿಟ್ಟೆ. ಉಡುಪಿ ಕಡೆಯವನಿಗೆ ಕುಚ್ಚಲಕ್ಕಿ ಅನ್ನ ಬಿಡುವುದೆಂದರೆ ಎಂಥ ಶಿಕ್ಷೆ ಎಂದು ಇನ್ನೊಬ್ಬ ಉಡುಪಿಯವನಿಗೇ ಗೊತ್ತು. ಮಧ್ಯಾಹ್ನ ಮನೆಯಿಂದ ತಂದ ಡಬ್ಬಿಯಲ್ಲಿ ಎರಡು ಒಣ ಚಪಾತಿ, ಪಲ್ಯ, ಮಜ್ಜಿಗೆ. ರಾತ್ರಿಗೂ ಅದೇ. ಮೂರು ಗಂಟೆಗೆ ಗಿರಾಕಿ ಕಮ್ಮಿಯಾದಾಗ, ಮುಚ್ಚಿಹೋದ ಫ್ಯಾಕ್ಟರಿಯ ಕಾಂಪೌಂಡ್ ಗೋಡೆ ಹಿಡಿದು ದಿನಾ ಒಂದು ಗಂಟೆ ನಡೆದೆ. ತಿಂಗಳಾದ ಮೇಲೆ ಮೆಡಿಕಲ್ ಸ್ಟೋರಿನ ತೂಕದ ಕಾಂಟಾ ಹತ್ತಿ ನೋಡಿದರೆ ತೊಂಬತ್ತನಾಲ್ಕೂವರೆ! ಕಾಂಟಾ ಹಾಳಾಗಿದೆ ಎಂದು ಮೆಡಿಕಲ್ ಸ್ಟೋರಿನವನಿಗೆ ಬೈದೆ. ಎದುರಿನ ಜಿಮ್ಮಿಗೆ ಹೋಗಿ ಅಲ್ಲಿಯ ಕಾಂಟಾ ಹತ್ತಿದೆ. ಅದೂ ಅಷ್ಟೇ ಹೇಳಿತು.

ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅವಳ ಕನ್ನಡ ಅರ್ಧ ಹಿಂದಿ, ಅರ್ಧ ಇಂಗ್ಲಿಷು. ಒಂದು ಭಾನುವಾರ ಬೆಳಿಗ್ಗೆ ಹೊಟೇಲಿಗೆ ಬಂದು ನನ್ನ ಕೌಂಟರಿನ ಮೇಲೆ ಒಂದು ಸ್ಟೀಲ್ ಪಾತೇಲಿ ಇಟ್ಟಳು.

"ಪಪ್ಪಾ, ನೀವು ಬಾಯಿಗೆ ಎಷ್ಟು ಹಾಕ್ತೀರಿ, ಸೇಮ್ ಉತ್ನಾ ಇದ್ರಲ್ಲೂ ಹಾಕ್ಬೇಕು. ಪ್ರಾಮಿಸ್?"

"ಹಾಕುವ, ಅದಕ್ಕೇನು! ಮಧ್ಯಾಹ್ನದವರೆಗೆ ನಾನು ಏನೂ ತಿನ್ನುದಿಲ್ಲ. ನೀನು ಖಾಲಿ ಪಾತ್ರೆ ನೋಡ್ತಾ ಕೂತ್ಕೋ," ಎಂದು ನಕ್ಕೆ.

ನಮ್ಮ ಹೊಟೇಲುಗಳಲ್ಲಿ ಒಂದು ಕ್ರಮವಿದೆ. ಯಜಮಾನ ರುಚಿ ನೋಡದೆ ಯಾವುದೂ ಟೇಬಲ್ಲಿಗೆ ಹೋಗಬಾರದು. ಚಟ್ನಿ ಪ್ರತಿ ಸಲ ರುಬ್ಬಿದಾಗ ಒಂದು ಚಮಚ, ಜೊತೆಗೆ ಅರ್ಧ ಇಡ್ಲಿ. ಸಾಂಬಾರಿನ ಪ್ರತಿ ಹಂಡೆಗೂ ಒಂದು ಸೌಟು. ಹೊಸ ಹಿಟ್ಟು ತೆಗೆದಾಗಲೆಲ್ಲ ಮೊದಲ ದೋಸೆ. ವಡೆ ಗರಿಗರಿ ಬಂತೇ, ಶಿರಾಕ್ಕೆ ಸಕ್ಕರೆ ಸಾಕೇ, ಚಹಾ ಕಡಕ್ ಇದೆಯೇ. ಇದು ಕೆಲಸ, ತಿನ್ನುವುದಲ್ಲ. ಇಪ್ಪತ್ತೆಂಟು ವರ್ಷಗಳಿಂದ ನಾನು ಹಾಗೆಯೇ ತಿಳಿದಿದ್ದೆ. ಬೆಳಿಗ್ಗೆ ತಿಂಡಿ ಆಯಿತಾ ಎಂದು ಯಾರಾದರೂ ಕೇಳಿದರೆ, ಎಲ್ಲಿ ಮಾರಾಯ್ರೇ, ಪುರುಸೊತ್ತು ಎಲ್ಲಿ ಎನ್ನುತ್ತಿದ್ದೆ. ಸುಳ್ಳಲ್ಲ, ಅದನ್ನು ನಂಬಿಕೊಂಡೇ ಹೇಳುತ್ತಿದ್ದೆ.

ಹನ್ನೊಂದು ಗಂಟೆಗೆ ಪಾತೇಲಿ ಬಾಯಿವರೆಗೆ ತುಂಬಿತು. ದೋಸೆ, ವಡೆ, ಶಿರಾ ಎಲ್ಲ ಸಾಂಬಾರಿನಲ್ಲಿ ನೆನೆದು, ದನಕ್ಕೆ ಇಡುವ ಅಕ್ಕಚ್ಚಿನ ಹಾಗೆ ಕಾಣುತ್ತಿತ್ತು. ಇಷ್ಟನ್ನು ನಾನು ತಿಂದೆನೇ? ದಿನಾಲೂ? ಮಗಳು ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಅವಳ ಮುಖ ಸಣ್ಣದಾಯಿತು. "ಮಮ್ಮೀ ಕೇ ಲಿಯೇ, ಮಮ್ಮಿಗೋಸ್ಕರ ಬಿಟ್ಬಿಡಿ ನಾ ಪಪ್ಪಾ," ಎಂದಳು.

ಅಂದೇ ನಮ್ಮ ಅಡುಗೆ ಭಟ್ಟರನ್ನು ಕರೆದು, ಇನ್ನು ಮೇಲೆ ರುಚಿ ನೀವೇ ನೋಡಬೇಕು ಎಂದೆ. ನನ್ನಷ್ಟೇ ವರ್ಷ ಈ ಹೊಟೇಲಿನ ಒಲೆಯೆದುರು ನಿಂತವರು ಅವರು. "ಅಂತೂ ನನ್ನ ಕೈ ಮೇಲೆ ಧಣಿಗಳಿಗೆ ನಂಬಿಕೆ ಬಂತು!" ಎಂದು ಎಲ್ಲರೆದುರು ಕಾಲೆಳೆದರು. ಎರಡನೆಯ ತಿಂಗಳು ಐದು ಕಿಲೋ ಇಳಿದೆ. ಪ್ಯಾಂಟು ಜಾರತೊಡಗಿತು. ಇನ್ನೇನು ಗೆದ್ದೆ ಎಂದು ಬೀಗುವಷ್ಟರಲ್ಲಿ ಮೂರನೆಯ ತಿಂಗಳು ಕಾಂಟಾ ನಿಂತಲ್ಲೇ ನಿಂತಿತು. ನಡಿಗೆ ಎರಡು ಗಂಟೆಗೆ ಏರಿಸಿದೆ. ಊಹುಂ, ಒಂದು ಗುಂಜಿಯೂ ಜಗ್ಗಲಿಲ್ಲ. ಹೆಂಡತಿಯ ಕಾಲು ಊದಿಕೊಳ್ಳುತ್ತಿತ್ತು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿಯೊಬ್ಬಳಿದ್ದಳು. ಮುಂದಿನ ಸಲ ಬರುವಾಗ ನಿಮ್ಮ ಡಬ್ಬಿಯನ್ನೇ ತನ್ನಿ ಎಂದಳು. ಒಯ್ದೆ. ಮನೆಯ ಅಡುಗೆ ಆಗಲೂ ಹೆಂಡತಿಯದೇ, ಕೈ ನಡುಗುತ್ತಿದ್ದರೂ ಲಟ್ಟಣಿಗೆ ಯಾರಿಗೂ ಕೊಡುತ್ತಿರಲಿಲ್ಲ. ಆ ಹುಡುಗಿ ಚಪಾತಿಯನ್ನು ಮುರಿದು, ಎರಡು ಟಿಶ್ಯೂ ಕಾಗದಗಳ ನಡುವೆ ಇಟ್ಟು ಅಂಗೈಯಿಂದ ಒತ್ತಿದಳು. ತೆಗೆದಾಗ ಕಾಗದ ಜಿಡ್ಡು ಹೀರಿ ಗಾಜಿನ ಹಾಗೆ ಆಗಿತ್ತು. ಅದರಾಚೆ ಅವಳ ಬೆರಳುಗಳು ಕಾಣುತ್ತಿದ್ದವು.

"ಇದು ಒಣ ಚಪಾತಿಯೇ?" ಎಂದು ಕೇಳಿದಳು.

ಸಾಂಬಾರಿಗೆ ಎರಡು ಹರಳು ಉಪ್ಪು ಹೆಚ್ಚಾದರೆ ಹೇಳುವ ನಾಲಿಗೆ ನನ್ನದು! ಚಪಾತಿ ಮೆತ್ತಗೆ, ಪರಿಮಳವಾಗಿ ಇದ್ದದ್ದು ನನಗೆ ಗೊತ್ತಿತ್ತು. ಹಸಿದವನ ಬಾಯಿಗೆ ಎಲ್ಲವೂ ರುಚಿ ಎಂದುಕೊಂಡಿದ್ದೆ.

"ತುಪ್ಪ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ, ನನ್ನನ್ನು ನೋಡದೆ. "ಪದರದೊಳಗೆ ಹಾಕ್ತಿದ್ದೆ. ಮೇಲೆ ಹಿಟ್ಟು ಉದುರಿಸಿದ್ರೆ ಗೊತ್ತಾಗುದಿಲ್ಲ. ಪಲ್ಯಕ್ಕೂ ಎಣ್ಣೆ ಜಾಸ್ತಿ ಹಾಕ್ತಿದ್ದೆ."

"ನಿಂಗೆ ತಲೆ ಸಮ ಉಂಟಾ?" ನಾನು ಕಿರುಚಿಯೇಬಿಟ್ಟೆ. ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. "ನಾನು ಹುಚ್ಚು ನಾಯಿ ಹಾಗೆ ರೋಡ್ ರೋಡ್ ನಡೀತಿದ್ದೇನೆ, ಯಾರಿಗೋಸ್ಕರ? ನೀನು ಸಾಯ್ಲಿಕ್ಕೆ ಹೊರಟಿದ್ದೀಯಾ?"

"ಮೊದ್ಲನೇ ತಿಂಗ್ಳು ನಿಮ್ದು ಇಳೀಲಿಲ್ಲ, ನಾನು ಸುಮ್ಮನಿದ್ದೆ. ಇಳೀಲಿಕ್ಕೆ ಶುರುವಾದ ಮೇಲೆ ಹೆದರಿಕೆಯಾಯ್ತು. ಒಂದೇ ದಿವ್ಸ ಇಬ್ರನ್ನೂ ಕೊಯ್ಯುದಲ್ಲವಾ? ನಾನು ಹೇಗೂ ಹೋಗುವವಳು. ನಿಮ್ಗೂ ಎಂತಾದ್ರೂ ಆದ್ರೆ ಮಗಳಿಗೆ ಯಾರುಂಟು? ದಪ್ಪ ಆದ್ರೂ ಅಡ್ಡಿಲ್ಲ, ಅಪ್ಪ ಅಂತ ಒಬ್ರು ಇರ್ಲಿ."

ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದವಳು, ತಾನು ಹೋಗುವುದನ್ನು ತೀರ್ಮಾನಿಸಿಕೊಂಡು, ದಿನಕ್ಕೆ ನಾಲ್ಕು ಚಪಾತಿ ಲಟ್ಟಿಸಿ ನನ್ನನ್ನು ಉಳಿಸುತ್ತಿದ್ದಳು. ನಾನು ಇನ್ನೊಂದು ಹಾಕು ಎಂದು ಕೇಳಿ ತಿಂದ ದಿನಗಳೂ ಇದ್ದವು.

ವಾಪಸು ಬರುವಾಗ ಲೋಕಲ್ಲಿನಲ್ಲಿ ಇಬ್ಬರಿಗೂ ಕೂರಲು ಸೀಟು ಸಿಕ್ಕಿತು. ನನಗೆ ನಯವಾಗಿ ಮಾತಾಡಲು ಬರುವುದಿಲ್ಲ, ಆದರೂ ಕುರ್ಲಾ ದಾಟಿದ ಮೇಲೆ ಹೇಳಿದೆ: "ಕೊಯ್ಸಿಕೊಳ್ಳಿಕ್ಕೆ ನಂಗೂ ಹೆದರಿಕೆ ಉಂಟು. ಆದ್ರೆ ನೀನಿಲ್ಲದ ಮನೆಗೆ ಹೋಗ್ಲಿಕ್ಕೆ ಅದಕ್ಕಿಂತ ಜಾಸ್ತಿ ಹೆದರಿಕೆ. ಗೊತ್ತಾಯ್ತಾ?" ಅವಳು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುದಿನ ನನ್ನೆದುರೇ ತುಪ್ಪವಿಲ್ಲದೆ ಚಪಾತಿ ಮಾಡಿದಳು. ಚಪ್ಪಲಿಯ ಅಟ್ಟೆಯ ಹಾಗಿತ್ತು. ಅಗಿದು ಅಗಿದು ತಿಂದೆ. ನಾಲ್ಕನೆಯ ತಿಂಗಳ ಕೊನೆಗೆ ಒಟ್ಟು ಹನ್ನೊಂದು ಕಿಲೋ ಇಳಿದಿದ್ದೆ. ಸ್ಕ್ಯಾನ್ ನೋಡಿ ಡಾಕ್ಟರು, ಇಷ್ಟು ಸಾಕು, ಲಿವರ್ ಚೆನ್ನಾಗಿದೆ, ಮುಂದಿನ ವಾರವೇ ಮಾಡೋಣ ಎಂದರು. ನಾನು ನಗುತ್ತಾ ಹೆಂಡತಿಯ ಕಡೆ ತಿರುಗಿದರೆ ಅವಳು ಗಡಗಡ ನಡುಗುತ್ತಿದ್ದಳು.

"ಇಷ್ಟು ದಿವ್ಸ ನಂಗೆ ನನ್ನ ಬಗ್ಗೆ ಹೆದರಿಕೆಯೇ ಇರ್ಲಿಲ್ಲ. ಈಗ ಬದುಕ್ಬೇಕಂತ ಆಗ್ತಾ ಉಂಟು," ಎಂದಳು.

ನರ್ಸ್ ಒಪ್ಪಿಗೆಯ ಫಾರಂ ತಂದು ಮೇಜಿನ ಮೇಲಿಟ್ಟಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಹೆಂಡತಿ ಪೆನ್ನು ಎಳೆದುಕೊಂಡು, ತನ್ನ ಸಹಿಯನ್ನು ಮೊದಲು ಹಾಕಿದಳು.